ಕುವಬಾರಾ ಎಸೆಯದ ಸೀಸೆ

ಮಡಿಯುಟ್ಟ ಮುದುಕಿ ಯಾರಿಗೂ ತಗುಲದಂತೆ ಬೀದಿಯಲ್ಲಿ ಸರಿದುಹೋಗುವ ಹಾಗೆ, ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಗೋಡೆಯ ಅಂಚು ಹಿಡಿದು ನಡೆಯುವುದು ಕುವಬಾರಾ ಶಿಜುಎ ಅವರ ರೀತಿ. ಜಪಾನಿನ ಕನಾಜವಾ ಊರಿನ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಂತೆ ಅವರಿಗೂ ಎರಡು ಕೋಟುಗಳಿದ್ದವು. ಬ್ಯಾಕ್ಟೀರಿಯಾ ಬೆಳೆಸುವ ಕೋಣೆಗೆ ಬಿಳಿಯದು. ಆ ಬ್ಯಾಕ್ಟೀರಿಯಾಗಳನ್ನೇ ನುಂಗಿ ನೀರು ಕುಡಿಯುವ ಫೇಜ್ ಎಂಬ ವೈರಸ್ಸುಗಳ ಕೋಣೆಗೆ ನೀಲಿಯದು. ಸಹಾಯಕಿಯಾಗಿ ಅವರು ಕಳೆದ ಇಪ್ಪತ್ತಾರು ವರ್ಷಗಳಲ್ಲಿ ಆ ನೀಲಿ ಕೋಟು ಒಮ್ಮೆಯೂ ಬಿಳಿಯ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ಫೇಜ್ ನಮಗೆ ವೈರಿಯೂ ಹೌದು, ಕೂಲಿಯಾಳೂ ಹೌದು. ಬ್ಯಾಕ್ಟೀರಿಯಾವನ್ನು ಒಡೆದು ಹೊರಡುವ ಗಡಿಬಿಡಿಯಲ್ಲಿ ಕೆಲವು ಫೇಜುಗಳು ತಮ್ಮ ಗಂಟಿನ ಬದಲು ಮನೆಯೊಡೆಯನ ವಂಶವಾಹಿಗಳ ತುಣುಕೊಂದನ್ನು ಕಟ್ಟಿಕೊಂಡು ಬರುತ್ತವೆ. ಮುಂದಿನ ಮನೆಗೆ ಹೊಕ್ಕು ಅದನ್ನೇ ಇಳಿಸುತ್ತವೆ. ಎರಡು ವಂಶವಾಹಿಗಳು ನೂರರಲ್ಲಿ ಎಷ್ಟು ಸಲ ಒಂದೇ ಗಂಟಿನಲ್ಲಿ ಬಂದವೆಂದು ಎಣಿಸಿದರೆ, ಅವು ಎಷ್ಟು ಹತ್ತಿರದ ನೆರೆಯವರೆಂದು ತಿಳಿಯುತ್ತದೆ. ಈ ಎಣಿಕೆಯಲ್ಲಿ ಕುವಬಾರಾ ಅವರನ್ನು ಮೀರಿಸಿದವರನ್ನು ನಾನು ಕಾಣೆ.

ಎಣಿಕೆ ಮುಗಿದ ಮೇಲೆ ಫೇಜಿನ ದ್ರವವನ್ನು ಉಳಿದವರು ಚೆಲ್ಲುತ್ತಿದ್ದರು. ಅವರು ಮಾತ್ರ ಕೆಡದಂತೆ ಒಂದು ಹನಿ ಕ್ಲೋರೋಫಾರ್ಮ್ ಹಾಕಿ, ಹೆಸರು ಬರೆದು, ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಫ್ರಿಜ್ಜು ತುಂಬಿ ತುಳುಕುತ್ತಿತ್ತು.

"ಇದೇನು ನಿಮ್ಮ ಉಪ್ಪಿನಕಾಯಿ ಭರಣಿಗಳಾ, ಕುವಬಾರಾ ಸಾನ್?" ಎಂದು ಪ್ರೊಫೆಸರ್ ಇರಿಬೆ ಆಗಾಗ ಕೆಣಕುವರು.

"ಎಸೆಯೋಕೇನು ಅವಸರ, ಸೆನ್ಸೇ?"

ಇದೊಂದೇ ಉತ್ತರ, ಅದೂ ತಲೆಯೆತ್ತದೆ. ಆ ಫ್ರಿಜ್ಜನ್ನು ಖಾಲಿ ಮಾಡಿಸಿ ಎಂದು ಪ್ರೊಫೆಸರರ ಕಿವಿಯೂದಿದವನು ನಾನೇ ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕು.

ನಾಗತಾನಿ ಎಂಬ ಸಂಶೋಧನಾ ವಿದ್ಯಾರ್ಥಿಯ ಮೂರು ವರ್ಷದ ದುಡಿಮೆಯೆಲ್ಲ ಒಂದು ವಿಚಿತ್ರ ಬ್ಯಾಕ್ಟೀರಿಯಾದ ಮೇಲೆ ನಿಂತಿತ್ತು. ಮೂವತ್ತು ಡಿಗ್ರಿಯಲ್ಲಿ ಅದು ಚೆನ್ನಾಗಿ ಬೆಳೆಯುವುದು, ನಲವತ್ತೆರಡರಲ್ಲಿ ಸಾಯುವುದು. ಪ್ರಬಂಧ ಒಪ್ಪಿಸಲು ಐದು ವಾರವಿದ್ದು, ಕೊನೆಯ ಪ್ರಯೋಗವೊಂದು ಬಾಕಿಯಿದ್ದಾಗ, ಮೊಸರಿನ ನೀರಿನಂತೆ ಬೆಳ್ಳಗಿರಬೇಕಾದ ಅವನ ಪಾತ್ರೆ ಒಂದು ಬೆಳಿಗ್ಗೆ ತಿಳಿಯಾಗಿತ್ತು. ಫೇಜ್ ನುಗ್ಗಿ ಎಲ್ಲವನ್ನೂ ಒಡೆದುಹಾಕಿತ್ತು. ಯಾವಾಗಲೋ ಅವಸರದಲ್ಲಿ ಅವನು ನೀಲಿ ಕೋಟಿನಲ್ಲೇ ಬಿಳಿಯ ಕೋಣೆಗೆ ಹೋಗಿದ್ದ. ಜೋಪಾನಕ್ಕೆಂದು ಹೆಪ್ಪುಗಟ್ಟಿಸಿಟ್ಟ ಆರು ಸೀಸೆಗಳನ್ನೂ ಕೆಟ್ಟ ಪಾತ್ರೆಯಿಂದಲೇ ತುಂಬಿದ್ದನಾದ್ದರಿಂದ, ಬೆಳೆಸಿ ನೋಡಿದರೆ ಆರೂ ತಿಳಿನೀರು.

ಅವನು ಕುವಬಾರಾ ಅವರ ಮೇಜಿನ ಮುಂದೆ ಸೊಂಟ ಬಗ್ಗಿಸಿ ನಿಂತ. "ತಪ್ಪು ನಂದೇ. ಊರಿಗೆ ಹೋಗ್ತೀನಿ. ಅಪ್ಪನ ಸೋಬಾ ಶ್ಯಾವಿಗೆ ಅಂಗಡೀಲಿ ತಟ್ಟೆ ತೊಳೀತೀನಿ."

"ಕಕ್ಕಸಿನ ಚಪ್ಪಲೀಲಿ ಊಟದ ಮನೆಗೆ ಬರೋನು ತಟ್ಟೆ ತೊಳೆದ್ರೆ ಗಿರಾಕಿಗಳ ಗತಿ ಏನಪ್ಪಾ? ಮೊದಲು ಆ ಕೋಟು ಬಿಚ್ಚು."

ಫ್ರಿಜ್ಜಿನೊಳಗೆ ಹಿಂದಕ್ಕೆ ಕೈಹಾಕಿ ಒಂದು ಪುಟ್ಟ ಸೀಸೆಯನ್ನು ತೆಗೆದರು. 'ನಾಗತಾನಿ, ಜೂನ್, ೩೮' ಎಂಬ ಅವರದೇ ಅಕ್ಷರ. ಎಂಟು ತಿಂಗಳ ಹಿಂದೆ ಅವನಿಗಾಗಿಯೇ ಎಣಿಸಿ, 'ಇನ್ನು ಚೆಲ್ಲಿಬಿಡಿ' ಎಂದು ಅವನು ಹೇಳಿದರೂ ಉಳಿಸಿಕೊಂಡದ್ದು.

"ಈ ಫೇಜು ನಿನ್ನ ಬ್ಯಾಕ್ಟೀರಿಯಾನ ತಿಂದೇ ಬೆಳೆದಿದ್ದು. ಆ ಮನೆಯ ಗಂಟು ಇನ್ನೂ ಇದರ ಹತ್ರ ಇರಬೇಕು."

ಬಿಸಿಗೆ ಸಾಯುವ ಆ ಕಳೆದುಹೋದ ಗುಣದ ನೆರೆಯಲ್ಲೇ, ಗುರುತಿಗೆಂದು ಸೇರಿಸಿದ, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗೂ ಜಗ್ಗದ ವಂಶವಾಹಿಯೊಂದಿತ್ತು. ಸೀಸೆಯ ಫೇಜನ್ನು ಆರೋಗ್ಯವಂತ ಬ್ಯಾಕ್ಟೀರಿಯಾಗಳೊಡನೆ ಬೆರೆಸಿ, ಆ ಔಷಧಿಯಿದ್ದ ತಟ್ಟೆಯ ಮೇಲೆ ಹರಡಿದರು. ಗಂಟು ಸಿಕ್ಕವಷ್ಟೇ ಬದುಕಿ ಚುಕ್ಕೆಗಳಾದವು. ನೆರೆಯ ಗುರುತೇನೋ ಬಂದಿತ್ತು. ಜೊತೆಗೆ ನಾಗತಾನಿಯ ಗುಣವೂ ಬಂದಿದೆಯೇ? ಕುವಬಾರಾ ನೂರು ಹಲ್ಲುಕಡ್ಡಿಗಳಿಂದ ನೂರು ಚುಕ್ಕೆಗಳನ್ನು ಮುಟ್ಟಿ, ಒಂದೊಂದನ್ನೂ ಎರಡೆರಡು ತಟ್ಟೆಗಳಲ್ಲಿ ಚುಚ್ಚಿ, ಒಂದನ್ನು ತಂಪಿಗೂ ಇನ್ನೊಂದನ್ನು ಬಿಸಿಗೂ ಇಟ್ಟರು.

ಮರುದಿನ ಬೆಳಿಗ್ಗೆ ತಂಪಿನ ತಟ್ಟೆಯಲ್ಲಿ ನೂರೂ ಬೆಳೆದಿದ್ದವು. ಬಿಸಿಯ ತಟ್ಟೆಯಲ್ಲಿ ಬೊಚ್ಚುಬಾಯಿಯ ಹಾಗೆ ಅಲ್ಲಲ್ಲಿ ಖಾಲಿ. ಪೆನ್ಸಿಲ್ಲಿನ ತುದಿಯಿಂದ ಅವರು ಆ ಖಾಲಿ ಜಾಗಗಳನ್ನು ಎಣಿಸುತ್ತ ಹೋದರು. ನಾಗತಾನಿಯ ಜೊತೆ ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ.

"ಮೂವತ್ತೇಳು." ಸೀಸೆಯ ಚೀಟಿಯನ್ನು ಅವನತ್ತ ತಿರುಗಿಸಿದರು. "ಹೋದ ಸಲ ನೂರಕ್ಕೆ ಮೂವತ್ತೆಂಟು. ಅದೇ ಕಣೋ. ನಿಂದೇ."

ಅವನು ನೆಲದ ಮೇಲೆ ಕುಕ್ಕರಿಸಿ ಅಳುತ್ತ ನಕ್ಕ. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ಏನೂ ಬೆಳೆಯದ ಜಾಗ ನೋಡಿ ಅಷ್ಟು ಹಿಗ್ಗಿದ ಇನ್ನೊಂದು ಬೆಳಗು ನನ್ನ ನೆನಪಿನಲ್ಲಿಲ್ಲ.

ಸುದ್ದಿ ಕೇಳಿ ಬಂದ ಪ್ರೊಫೆಸರ್ ಫ್ರಿಜ್ಜಿನ ಮುಂದೆ ತುಸು ತಲೆಬಾಗಿದರು. ಆಮೇಲೆ ಚಾಳಿ ಬಿಡದೆ, "ಇನ್ನಾದರೂ ಆ ಸೀಸೆ ಎಸೀಬಹುದಲ್ಲಾ?" ಎಂದರು. ಉತ್ತರವನ್ನು ನಾಗತಾನಿಯೇ ಕೊಟ್ಟ: "ಎಸೆಯೋಕೇನು ಅವಸರ, ಸೆನ್ಸೇ?" ಕುವಬಾರಾ ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಹೊಸತನ್ನು ಕಂಡವರ ಹೆಸರು ಪ್ರಬಂಧದ ಮೊದಲ ಪುಟದಲ್ಲಿರುತ್ತದೆ. ಕುವಬಾರಾ ಅಂಥವರದು ಕೊನೆಯ ಪುಟದ ಕೃತಜ್ಞತೆಯಲ್ಲಿ, ಅದೂ ಅರ್ಧ ಸಾಲು. ಆದರೆ ಕೆಲಸ ಮುಗಿಯಿತೆಂದು ನಾವು ಕೈಕೊಡವಿ ಎದ್ದ ಮೇಲೆ, ನಮ್ಮ ಹೆಸರು ಬರೆದು, ಹನಿ ಹಾಕಿ, ಮುಚ್ಚಳ ಬಿಗಿಯುವವರು ಅವರೇ. ಇಂಥವರೊಬ್ಬರು ಇರುವ ಮನೆಯಲ್ಲಿ ತಪ್ಪು ಮಾಡಿದವನೂ ಊರಿಗೆ ಹೊರಡಬೇಕಾಗಿಲ್ಲ, ಕೋಟು ಬಿಚ್ಚಿಟ್ಟು ಮತ್ತೆ ಕೆಲಸಕ್ಕೆ ಕೂರಬಹುದು.