ಆಷಾಢಕ್ಕೆ ನಿಂತ ಮೆಟ್ಟಿಲು

ಅತ್ತಿಗುಪ್ಪೆಯ ವೆಂಕಟಲಕ್ಷ್ಮಮ್ಮನ ಬಾಯಿ ಮುಚ್ಚಿಸಲು ಆಕೆಯ ಗಂಡನಿಗೇ ಕೊನೆಯವರೆಗೂ ಆಗಿರಲಿಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಆ ಸಾಹಸ ಮಾಡಿದವನು ಇನ್ಶೂರೆನ್ಸ್ ಏಜೆಂಟ್ ಶಿವಬಸಪ್ಪ.

ಹೊಲ ಬಡಾವಣೆಗೆ ಹೋದಾಗ ಬಂದ ದುಡ್ಡಿನಲ್ಲಿ ಆಕೆ ತನ್ನ ಮನೆಯ ಮೇಲೊಂದು ಬಾಡಿಗೆ ಮನೆ ಕಟ್ಟಿಸಿದ್ದಳು. ಅದರಲ್ಲಿದ್ದವಳು ಕೋಕಿಲಾ. ಹೊಲಿಗೆ ಮಿಷನ್ ತುಳಿದು, ಕಣ್ಣು ಕಾಣದ ತಾಯಿಯನ್ನು ಸಾಕುತ್ತಿದ್ದ ಹುಡುಗಿ. ಹೊರಗಿನ ಮೆಟ್ಟಿಲಿನ ಕಲ್ಲೊಂದು ಅಲ್ಲಾಡುತ್ತಿದೆಯೆಂದು ಅವಳು ಎರಡು ಸಲ ಹೇಳಿದ್ದಳು.

"ಆಷಾಢದಲ್ಲಿ ಗಾರೆ ಕೆಲ್ಸ ಬೇಡ ಕಣೇ, ಶ್ರಾವಣ ಬರ್ಲಿ," ಎಂದಿದ್ದಳು ವೆಂಕಟಲಕ್ಷ್ಮಮ್ಮ. ಕಲ್ಲಿಗೇನು ಗೊತ್ತು ಪಂಚಾಂಗ! ಶ್ರಾವಣಕ್ಕೆ ವಾರವಿರುವಾಗ ಅದು ಕಳಚಿತು, ಕೋಕಿಲಾಳ ಬಲಗಾಲು ಮುರಿಯಿತು.

ಶಿವಬಸಪ್ಪ ಓಡಿಬಂದ. ಬಾಡಿಗೆಯವರು ಬಿದ್ದು ಪೆಟ್ಟಾದರೆ ಪರಿಹಾರವನ್ನು ಕಂಪನಿಯೇ ಕೊಡುತ್ತದೆಂದು ಪಾಲಿಸಿ ಮಾಡಿಸಿದ್ದವನು ಅವನೇ.

"ಆದ್ರೆ ಅಮ್ಮಾ, ನಮ್ ತಪ್ಪು ಅಂತ ಯಾರ್ ಹತ್ರಾನೂ ಬಾಯಿ ಬಿಡಬೇಡಿ. ಗೊತ್ತಿದ್ದೂ ರಿಪೇರಿ ಮಾಡಿಸ್ಲಿಲ್ಲ ಅಂತ ತಿಳಿದ್ರೆ ಕಂಪನಿಯೋರು ಕೈ ಎತ್ತಿಬಿಡ್ತಾರೆ. ಆ ಹುಡುಗೀಗೂ ಏನೂ ಸಿಗಲ್ಲ. ನೋಡೋಕೂ ಹೋಗಬೇಡಿ. ಹೋದ್ರೆ ನಿಮ್ ಬಾಯಿ ನಿಲ್ಲಲ್ಲ."

ಆ ಕೊನೆಯ ಮಾತನ್ನು ಆಕೆಯೂ ಒಪ್ಪಬೇಕಾಯಿತು. ಹುಡುಗಿಗೆ ದುಡ್ಡು ಸಿಗಲಿ ಎಂದು ಹಲ್ಲು ಕಚ್ಚಿ ಮನೆಯಲ್ಲೇ ಉಳಿದಳು. ಮಿಷನ್ ಸದ್ದಿಲ್ಲದ ಮೇಲ್ಮನೆ ಎದೆಯ ಮೇಲೆ ಕೂತಂತಿತ್ತು. ಒಂದು ಎಳನೀರು ಹಿಡಿದು ನೋಡಲೂ ಹೋಗದ ಕಲ್ಲುಮನಸ್ಸಿನವಳೆಂದು ಬೀದಿಯೇ ಆಡಿಕೊಂಡಿತು. ಕೇಳಿಸಿಕೊಂಡು ಸುಮ್ಮನಿದ್ದಳು, ಪಾಪ.

ಹದಿನೈದನೇ ದಿನ ಕಂಪನಿಯ ಅಧಿಕಾರಿ ವಿಚಾರಣೆಗೆ ಬಂದರು. ಶಿವಬಸಪ್ಪನ ಜೊತೆ ವೆಂಕಟಲಕ್ಷ್ಮಮ್ಮನೂ ಮೇಲೆ ಹತ್ತಿದಳು. ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಮಲಗಿದ್ದ ಕೋಕಿಲಾಳ ಮುಖ ಬತ್ತಿಹೋಗಿತ್ತು, ತಲೆ ಬಾಚಿ ಎಷ್ಟು ದಿನವಾಗಿತ್ತೋ.

"ಕಲ್ಲು ಅಲ್ಲಾಡ್ತಿದೆ ಅಂತ ಓನರ್‌ಗೆ ಮೊದಲೇ ಹೇಳಿದ್ರಾ?" ಎಂದು ಅಧಿಕಾರಿ ಕೇಳಿದರು.

ಕೋಕಿಲಾ ಒಮ್ಮೆ ವೆಂಕಟಲಕ್ಷ್ಮಮ್ಮನ ಕಡೆ ನೋಡಿದಳು. "ಇಲ್ಲ ಸಾರ್. ನಂಗೂ ಗೊತ್ತಿರ್ಲಿಲ್ಲ."

ಶಿವಬಸಪ್ಪ ಸಮಾಧಾನದ ಉಸಿರು ಬಿಟ್ಟ. ವೆಂಕಟಲಕ್ಷ್ಮಮ್ಮ ಅಧಿಕಾರಿಯ ಮುಂದೆ ಬಂದು ನಿಂತಳು. ಕಾಲು ಮುರಿದುಕೊಂಡವಳೇ ತನ್ನ ಮಾನ ಕಾಯಬೇಕೆ?

"ಸುಳ್ಳು ಸಾರ್! ಎರಡು ಸಲ ಹೇಳಿದ್ಲು. ಆಷಾಢ ಅಂತ ಮುಂದಕ್ಕೆ ಹಾಕಿದವಳು ನಾನು!"

ಶಿವಬಸಪ್ಪ ಹಣೆ ಚಚ್ಚಿಕೊಂಡ. ಅಧಿಕಾರಿ ಅದನ್ನೇ ಬರೆದುಕೊಂಡು, ಕಂಪನಿಯಿಂದ ಇನ್ನೇನೂ ಬರುವುದಿಲ್ಲವೆಂದು ಹೇಳಿ, ಫೈಲು ಕಟ್ಟಿ ಹೊರಟರು. ಹಿಂದೆಯೇ ಶಿವಬಸಪ್ಪನೂ ಹೋದ.

"ನಂಗೋಸ್ಕರ ಯಾಕೇ ಸುಳ್ಳು ಹೇಳೋಕೆ ಹೋದೆ?" ಎಂದಳು ವೆಂಕಟಲಕ್ಷ್ಮಮ್ಮ.

"ನಿಮಗೋಸ್ಕರ ಅಲ್ಲಮ್ಮಾ," ಕೋಕಿಲಾ ಗೋಡೆಯ ಕಡೆ ಮುಖ ತಿರುಗಿಸಿದಳು. "ಹದಿನೈದು ದಿನ ನೀವು ಒಂದ್ಸಲಾನೂ ಮೇಲೆ ಬರ್ಲಿಲ್ಲ. ನಿಜ ಹೇಳಿದ್ರೆ ದುಡ್ಡು ಬರಲ್ಲ ಅಂತ ಏಜೆಂಟ್ ಹೇಳಿದ್ರು. ಕಂಪನೀನೂ ಕೈಬಿಟ್ರೆ ನಂಗೂ ನಮ್ಮಮ್ಮಂಗೂ ಇನ್ಯಾರಿದಾರೆ ಅಂತ ಸುಳ್ಳು ಹೇಳ್ದೆ."

ವೆಂಕಟಲಕ್ಷ್ಮಮ್ಮ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು. "ತಪ್ಪಾಯ್ತು ಕಣೇ. ಕಾಲು ಸರಿಹೋಗಿ ನೀನು ಮಿಷನ್ ತುಳಿಯೋವರ್ಗೂ ಬಾಡಿಗೆ, ಊಟ, ಆಸ್ಪತ್ರೆ ಎಲ್ಲಾ ನಂದು."

ಕೋಕಿಲಾ ಈ ಕಡೆ ತಿರುಗಲಿಲ್ಲ. ನಂಬು ಎಂದು ಕೇಳುವ ಮುಖ ವೆಂಕಟಲಕ್ಷ್ಮಮ್ಮನಿಗೂ ಇರಲಿಲ್ಲ. ಗೂಡಿನಲ್ಲಿದ್ದ ಬಾಚಣಿಗೆ ತೆಗೆದುಕೊಂಡು, ಅವಳ ತಲೆಯ ಸಿಕ್ಕನ್ನು ನೋವಾಗದ ಹಾಗೆ ಒಂದೊಂದಾಗಿ ಬಿಡಿಸತೊಡಗಿದಳು.