ಹಿಮದಲ್ಲಿ ನಡೆದ ಕೋಲು

ರೇವಿ ಹೆಲಿಕಾಪ್ಟರಿನ ಮುಂಗಾಜು ಒರೆಸುತ್ತಿದ್ದ. ಬೆಳಗಿನ ಹಾರಾಟದಲ್ಲಿ ಅಂಟಿದ್ದ ನೊಣಗಳೆಲ್ಲ ಬಿಸಿನೀರಿಗೆ ಬಿಟ್ಟವು; ಎಡಗಡೆಯ ಬೂದು ಕಲೆಯೊಂದು ಮಾತ್ರ ಬಿಡಲೊಲ್ಲದು. ಉಗುರಿನಿಂದ ಕೆರೆದ, ಬಟ್ಟೆ ಹಿಂಡಿ ಮತ್ತೆ ತಿಕ್ಕಿದ. ಕೊನೆಗೆ ಎಡಗಣ್ಣು ಮುಚ್ಚಿ ನೋಡಿದ. ಗಾಜು ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಕಲೆ ಇದ್ದದ್ದು ಅವನ ಕಣ್ಣಲ್ಲಿ. ಇದು ವಾಸಿಯಾಗುವಂಥದ್ದಲ್ಲ, ಲೈಸೆನ್ಸು ಕಚೇರಿಗೆ ನೀನೇ ಬರೆದು ತಿಳಿಸು ಎಂದು ಗ್ರೇಮೌತ್ ಪಟ್ಟಣದ ಕಣ್ಣಿನ ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರು. ಬರೆದೂ ಇದ್ದ. ಲಕೋಟೆ ಅಂಟಿಸಿ, ಸ್ಟಾಂಪು ಹಚ್ಚಿ, ಪೈಲಟ್ ಬಾಗಿಲಿನ ಜೇಬಿನಲ್ಲಿ ತಂಪುಕನ್ನಡಕದ ಕೆಳಗೆ ತುರುಕಿದ್ದ. ಬೇಸಿಗೆ ಕಳೆದು ಚಳಿ ಹತ್ತಿರ ಬಂತು. ಕಾಗದ ದಿನಾ ಅವನ ಜೊತೆ ಹಿಮನದಿಯ ಮೇಲೆ ಹಾರಿ ಇಳಿಯುತ್ತಿತ್ತು, ರಸ್ತೆಯಾಚೆಯ ಅಂಚೆಪೆಟ್ಟಿಗೆಯ ತನಕ ಮಾತ್ರ ಹೋಗಿರಲಿಲ್ಲ. ಹಾರುವುದು ಬಿಟ್ಟು ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಇವತ್ತು ಹಿಮನದಿ ನೋಡಲು ಹಾರುವ ಸರದಿ ದೊಡ್ಡಮ್ಮ ಕುಯಿನಿಯದು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಅವಳು ಹುಡುಗಿಯಾಗಿದ್ದಾಗ ಅಡುಗೆಮನೆ ಕಿಟಕಿಯಿಂದಲೇ ಕಾಣುತ್ತಿದ್ದ ಹಿಮನದಿ, ಕರಗಿ ಕರಗಿ ಕಣಿವೆಯೊಳಕ್ಕೆ ಸರಿದುಬಿಟ್ಟಿತ್ತು. ಅದು ಎಲ್ಲಿ ಹೋಗಿ ಅವಿತಿದೆಯೋ ನೋಡಿಯೇ ಸಾಯಬೇಕು ಎಂಬುದು ಅವಳ ಹಟ.

ಪ್ರಯಾಣಿಕರನ್ನು ತೂಗಿ ಸೀಟು ಗೊತ್ತುಮಾಡುವವಳು ರೇವಿಯ ಮಗಳು ಮೆರೆಯಾನ. ದೊಡ್ಡಮ್ಮ ಬೂಟು ಬಿಚ್ಚಿದಳು, ಕೋಟು ಬಿಚ್ಚಿದಳು, ಹಲ್ಲಿನ ಸೆಟ್ಟಿಗೂ ಕೈಹಾಕಿದಳು.

"ಹಲ್ಲು ಇರ್ಲಿ ಅಜ್ಜಿ, ಅದ್ರಿಂದ ಏನೂ ಇಳಿಯಲ್ಲ."

"ನಿಂಗೇನೇ ಗೊತ್ತು, ನಾನು ಆಡಿದ ಮಾತಿನ ಭಾರ ಎಲ್ಲಾ ಅದ್ರ ಮೇಲೇ ಕೂತಿದೆ."

ಅವಳಿಗೆ ಮುಂದೆ, ಪೈಲಟ್ಟಿನ ಎಡಕ್ಕೆ ಜಾಗ ಸಿಕ್ಕಿತು. ಪ್ರವಾಸಕ್ಕೆ ಬಂದಿದ್ದ ಡೆನ್ಮಾರ್ಕಿನ ಹೊಸ ಜೋಡಿಗೆ ಹಿಂದೆ. ದೊಡ್ಡಮ್ಮನ ಕರಾಕಿಯಾ, ಆ ಹಳೆಯ ಪ್ರಾರ್ಥನೆ, ಮುಗಿಯುವ ತನಕ ರೇವಿ ಸ್ವಿಚ್ಚು ಮುಟ್ಟಲಿಲ್ಲ. ಅವೊರಾಕಿ ಶಿಖರ ಅವರ ಕುಲಕ್ಕೆ ಮೂಲದಜ್ಜ. ಅಜ್ಜನ ತಲೆಯ ಮೇಲೆ ಹಾರಿಸಬೇಡ, ಪಾದದ ಹತ್ತಿರ ಇಳಿಸಿದರೆ ಸಾಕು ಎಂದು ಅಪ್ಪಣೆ ಮಾಡಿದಳು.

ಕಾಡು ಹಿಂದೆ ಬಿತ್ತು, ಬೋಳುಬಂಡೆ ಹಿಂದೆ ಬಿತ್ತು. ಆಮೇಲೆ ಹಿಮನದಿ, ಮೈಯೆಲ್ಲ ಬಿರುಕು, ಬಿರುಕಿನೊಳಗೆ ನೀಲಿ. ಎಷ್ಟು ಸೊರಗಿದೀಯೇ ತಾಯಿ ಎಂದು ದೊಡ್ಡಮ್ಮ ಕಾಯಿಲೆ ಬಿದ್ದ ನೆಂಟಳನ್ನು ಮಾತಾಡಿಸುವಂತೆ ಮಾತಾಡಿಸಿದಳು.

ಮೇಲಿನ ಹಿಮದ ಬಯಲು ತಲುಪುವಷ್ಟರಲ್ಲಿ ಮೋಡ ಕವಿಯಿತು. ನೆರಳೆಲ್ಲ ಅಳಿಸಿಹೋಗಿ ನೆಲ ಯಾವುದು ಆಕಾಶ ಯಾವುದು ತಿಳಿಯದಾಯಿತು. ಇಂಥ ಬೆಳಕಿಗೆಂದೇ ಅಲ್ಲೊಂದು ಕೆಂಪು ಕೋಲು ನೆಟ್ಟಿದ್ದರು. ಇಳಿಯುವವನು ಅದರ ಮೇಲಿಟ್ಟ ಕಣ್ಣು ಕೀಳಬಾರದು. ರೇವಿ ದಿನಾ ಅದನ್ನು ಬಲಕ್ಕೆ ಇಟ್ಟುಕೊಂಡು ಇಳಿಯುತ್ತಿದ್ದ. ಇವತ್ತು ಗಾಳಿ ತಿರುಗಿತ್ತು, ಇಳಿಯುವುದೋ ಗಾಳಿಗೆ ಎದುರಾಗಿಯೇ. ಕೋಲು ಎಡಕ್ಕೆ, ನೇರ ಆ ಬೂದು ಕಲೆಯೊಳಕ್ಕೆ ಬಿತ್ತು.

ಹಿಂದಿರುಗಬೇಕಿತ್ತು. ಹಿಂದಿರುಗಿದರೆ ಯಾಕಪ್ಪ ಎಂದು ಮಗಳು ಕೇಳುತ್ತಾಳೆ. ರೇವಿ ಕತ್ತು ವಾರೆ ಮಾಡಿದ. ಕೋಲು ಕಂಡಿತು, ಮತ್ತೆ ಹೋಯಿತು. ರೆಕ್ಕೆಯ ಗಾಳಿಗೆ ಹಿಮದ ಪುಡಿ ಎದ್ದು ಸುತ್ತ ಮುತ್ತಿಕೊಂಡಿತು. ಯಂತ್ರ ಕದಲದೆ ನಿಂತಿದೆ, ಇನ್ನು ಆಳುದ್ದ ಇಳಿದರಾಯಿತು ಎಂದೇ ಅವನ ಮೈ ಹೇಳುತ್ತಿತ್ತು.

"ರೇವಿ," ಎಂದಳು ದೊಡ್ಡಮ್ಮ, ಹಾಲು ಉಕ್ಕುತ್ತಿದೆ ನೋಡು ಅನ್ನುವ ದನಿಯಲ್ಲಿ. "ಆ ಕೋಲು ಯಾಕೋ ನಡೀತಾ ಇದೆ."

ನೆಟ್ಟ ಕೋಲು ನಡೆಯುವುದುಂಟೆ? ನಡೆಯುತ್ತಿದ್ದದ್ದು ಅವರೇ, ಅಡ್ಡಡ್ಡವಾಗಿ, ಬಿರುಕುಗಳ ಕಡೆಗೆ.

"ಯಾವ ಕಡೆಗೆ?"

"ನನ್ನಿಂದ ದೂರ."

ರೇವಿ ಯಂತ್ರವನ್ನು ಮೇಲೆತ್ತುವ ಸನ್ನೆಕೋಲು ಎಳೆದ. ಯಂತ್ರದ ಕಾಲು ಹಿಮಕ್ಕೆ ಒಮ್ಮೆ ಉಜ್ಜಿ, ಇಡೀ ಮೈ ವಾಲಿ, ನಡುಗಿ, ಬಿಡಿಸಿಕೊಂಡಿತು. ಅದನ್ನೇ ನೋಡ್ತಿರು, ಹೇಳ್ತಿರು ಎಂದ ರೇವಿ. ಅವಳು ಹೇಳುತ್ತ ಹೋದಳು: ನಿಂತಿದೆ, ನೇರ ಕೆಳಗಿದೆ, ಬೆಂಕಿಕಡ್ಡಿಯಷ್ಟಾಯಿತು, ಈಗ ಕಾಣಿಸುತ್ತಿಲ್ಲ. ಆಮೇಲೆ ಬಿಸಿಲು ಸಿಕ್ಕಿತು. ಹಿಂದಿನ ಜೋಡಿ ಇದೂ ಆಟದ ಭಾಗವೆಂದು ಚಪ್ಪಾಳೆ ತಟ್ಟಿತು.

ಕೆಳಗಿಳಿದು ರೆಕ್ಕೆ ನಿಂತ ಮೇಲೆ ದೊಡ್ಡಮ್ಮ ಅವನ ಕಡೆ ತಿರುಗಿದಳು.

"ಯಾವಾಗಿಂದ?"

"ಬೇಸಿಗೆಯಿಂದ."

"ಚಿಕ್ಕೋನಿದ್ದಾಗ ಬಟ್ಟಲು ಒಡೆದು ಚೂರನ್ನ ಹಾಸಿಗೆ ಕೆಳಗೆ ತಳ್ತಿದ್ದೆ. ಕಾಲಿಗೆ ಚುಚ್ಚಿಸ್ಕೊಂಡೋಳು ನಾನು." ಅವಳು ಬೆಲ್ಟು ಬಿಚ್ಚಿಕೊಂಡಳು. "ನಾನಿನ್ನೂ ಹಿಮ ಮುಟ್ಟಿಲ್ಲ. ಕಣ್ಣಿರೋನು ಯಾವನಾದ್ರೂ ಕರ್ಕೊಂಡು ಹೋಗ್ಲಿ."

ರೇವಿ ಬಾಗಿಲಿನ ಜೇಬಿಗೆ ಕೈಹಾಕಿದ. ಲಕೋಟೆಯ ಮೂಲೆಗಳು ಮಡಿಚಿದ್ದವು, ಮೇಲೊಂದು ಎಣ್ಣೆಯ ಹೆಬ್ಬೆಟ್ಟು. ಮೆರೆಯಾನ ಓಡಿಬಂದು ಏನಾಯಿತೆಂದು ಕೇಳಿದಾಗ ಮೇಲಿನ ವಿಳಾಸ ತೋರಿಸಿದ. ಅವಳು ಓದಿದಳು, ಅಪ್ಪನ ಮುಖ ನೋಡಿದಳು, ದಾರಿ ಬಿಟ್ಟಳು.

ರಸ್ತೆ ದಾಟಿ ಅಂಚೆಪೆಟ್ಟಿಗೆಯ ಬಾಯಿಗೆ ಕಾಗದ ಇಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಬಿಟ್ಟ. ಒಳಗೆ ಬೇರೆ ಕಾಗದಗಳಿರಲಿಲ್ಲವೇನೋ, ತಳಕ್ಕೆ ಬಿದ್ದ ಸದ್ದು ಕೇಳಿಸಿತು.