ಎಮ್ಮೆ ಇಲ್ಲದ ಮನೆಯಿಂದ ಬಂದ ಕಾಗದ

ನಮ್ಮ ಅತ್ತೆ ತವರಿಗೆ ಹೋಗಿ ಕೂತದ್ದು ಒಂದು ರೊಟ್ಟಿ ಹಂಚಿನ ಸಲುವಾಗಿ. ಕೇಳಿದವರು ನಗುತ್ತಾರೆ. ನಗಲಿ. ಆಮೇಲೆ ಆ ಹಂಚಿನ ಮೇಲೆ ರೊಟ್ಟಿ ಮಾಡುವ ಕರ್ಮ ಬಂದದ್ದು ನನಗೆ, ನಗುವವರಿಗಲ್ಲ.

ಕೊಟ್ಟೂರಿನ ನಮ್ಮ ಮನೆಯಲ್ಲಿ ಆ ಕಬ್ಬಿಣದ ಹಂಚು ಅತ್ತೆ ದಾಕ್ಷಾಯಣಮ್ಮ ಮದುವೆಯಾಗಿ ಬಂದಾಗಿನಿಂದ ಇತ್ತು. ವರ್ಷಗಟ್ಟಲೆ ಎಣ್ಣೆ, ಹಿಟ್ಟು, ಬೆಂಕಿ ಉಂಡು ಕಪ್ಪಗೆ ನುಣ್ಣಗಾಗಿತ್ತು. ಅದರ ಮೇಲೆ ಹಾಕಿದ ಜೋಳದ ರೊಟ್ಟಿ ತಾನಾಗಿಯೇ ಎದ್ದು ಬರುತ್ತಿತ್ತು. ನಮ್ಮ ಮಾವ ಗುರುಸಂಗಪ್ಪನವರು ಶೇಂಗಾ ವ್ಯಾಪಾರಿ. ನೀರು ಕುಡಿಯುವುದಕ್ಕೂ ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ. ಅಂಥವರಿಗೆ ಒಂದು ದಿನ ಅದೇನಾಯಿತೋ, ಹೆಂಡತಿಗೆ ಉಪಕಾರ ಮಾಡಬೇಕು ಅನ್ನಿಸಿತು. ಅತ್ತೆ ಉಜ್ಜಿನಿಗೆ ದೇವರಿಗೆ ಹೋದ ಹೊತ್ತು ನೋಡಿ ಹಂಚನ್ನು ಬಗಲಲ್ಲಿಟ್ಟುಕೊಂಡು ಸಲೀಮನ ಗ್ಯಾರೇಜಿಗೆ ನಡೆದರು. ಸಲೀಮ ಪಾಪ, "ಕಾಕಾ, ಇದು ಗಾಡಿ ಬಂಪರ್ ಅಲ್ರಿ, ರೊಟ್ಟಿ ಹಂಚು" ಅಂದನಂತೆ. ಇವರು ಕೇಳಬೇಕಲ್ಲ! ಗ್ರೈಂಡರ್ ಹಿಡಿಸಿ, ತಿಕ್ಕಿಸಿ, ಮುಖ ಕಾಣುವ ಹಾಗೆ ಹೊಳೆಯಿಸಿಕೊಂಡು ಬಂದು ಒಲೆಯ ಪಕ್ಕ ನಿಲ್ಲಿಸಿದರು.

ಅತ್ತೆ ಬಂದರು. ನೋಡಿದರು. ಅವರ ಕೈಯೊಳಗಿನ ಪ್ರಸಾದದ ಚೀಲ ಹಾಗೇ ಕೆಳಗಿಳಿಯಿತು.

"ಯಾರು ಮಾಡಿದ್ದಿದು?"

"ನಾನ. ಎಷ್ಟು ಹೊಲಸಾಗಿತ್ತು ಅದು! ಈಗ ನೋಡು, ಹೊಸಾದ್ರಂಗ ಆಗೈತಿ."

"ಹೊಲಸು? ಹಂಗಾರ ನಲವತ್ತು ವರ್ಷ ಹೊಲಸಿನ ಮ್ಯಾಲಿನ ರೊಟ್ಟಿ ತಿಂದೀರಿ ನೀವು."

ಮಾವ ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. "ಒಂದು ಹಂಚಿಗೆ ಇಷ್ಟು ರಾದ್ಧಾಂತ ಬ್ಯಾಡ, ಪ್ಯಾಟಿಯಿಂದ ಇನ್ನೊಂದು ತಂದು ಒಗಿತೀನಿ" ಅಂದುಬಿಟ್ಟರು. ಮರುದಿನ ಬೆಳಿಗ್ಗೆ ಅತ್ತೆ ಹಂಪಸಾಗರಕ್ಕೆ, ಒಡಹುಟ್ಟಿದ ತಮ್ಮ ಜಂಬುನಾಥನ ಮನೆಗೆ ಹೊರಟು ನಿಂತರು. ಹೊಸ್ತಿಲಲ್ಲಿ ತಿರುಗಿ ಒಂದೇ ಮಾತು ಹೇಳಿದರು: "ನೀವ ಬಂದು ಕರದ್ರ ಬರ್ತೀನಿ. ಮಗನ್ನ ಕಳಿಸ್ಬ್ಯಾಡ್ರಿ, ಸೊಸಿನ್ನ ಕಳಿಸ್ಬ್ಯಾಡ್ರಿ, ಫೋನು ಮಾಡ್ಬ್ಯಾಡ್ರಿ."

ಮಾವ ಕುರ್ಚಿ ಬಿಟ್ಟು ಏಳದೆ, "ನಮ್ಮ ಮನಿತನದಾಗ ಹೆಂಡ್ತಿ ಕರಿಯಾಕ ಗಂಡಸ್ರು ಹೋದ ಇತಿಹಾಸ ಇಲ್ಲ" ಅಂದರು.

ಹತ್ತು ದಿನವಾಯಿತು, ಹದಿನೈದಾಯಿತು. ಹೊಳೆಯುವ ಹಂಚಿನ ಮೇಲೆ ನಾನು ರೊಟ್ಟಿ ಹಾಕುವುದು, ಅದು ಕಚ್ಚಿಕೊಳ್ಳುವುದು, ನಾನು ಸಟ್ಟುಗದಿಂದ ಕೆರೆಯುವುದು. ನನ್ನ ಗಂಡ ಹಂಪೇಶ್ ಆ ಚೂರುಗಳನ್ನು ಮೊಸರಿಗೆ ಹಾಕಿಕೊಂಡು ತಿಂದು ಅಂಗಡಿಗೆ ಹೋಗುತ್ತಿದ್ದರು. ಮಾವ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದರು. ಅಂಗಿಯ ಗುಂಡಿ ತಪ್ಪಿ ಹಾಕಿಕೊಳ್ಳುವರು, ಹಂಪಸಾಗರದ ಕಡೆಯ ಬಸ್ಸಿನ ಹಾರ್ನ್ ಕೇಳಿದರೆ ಪೇಪರಿನಿಂದ ತಲೆ ಎತ್ತುವರು. ಅವರಿಗೆ ಅತ್ತೆ ಬೇಕಾಗಿತ್ತು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮನೆತನ ಅನ್ನುವುದೊಂದು ನಡುವೆ ಅಡ್ಡ ಮಲಗಿತ್ತು.

ಈ ಮನೆತನದ ದೊಡ್ಡ ಆಸ್ತಿ ಎಂದರೆ ದೇವರ ಕೋಣೆಯ ಗೂಡಿನಲ್ಲಿದ್ದ ಒಂದು ಕಟ್ಟು. ಕೆಂಪು ಬಟ್ಟೆಯಲ್ಲಿ ಸುತ್ತಿದ ಹಳೆಯ ಕಾಗದಗಳು. ಮಾವನ ಮುತ್ತಜ್ಜ ಮರುಳಪ್ಪನವರ ಕಾಲದ್ದು, ಅಂದರೆ ಹತ್ತಿ ಗಾಡಿ ಹೂಡಿಕೊಂಡು ಬಳ್ಳಾರಿಗೆ ಹೋಗುತ್ತಿದ್ದ ಕಾಲದ್ದು. ಪ್ರತಿ ವರ್ಷ ಆಯುಧ ಪೂಜೆಯ ದಿನ ತಕ್ಕಡಿ, ಗಲ್ಲಾಪೆಟ್ಟಿಗೆಯ ಜೊತೆಗೆ ಅದಕ್ಕೂ ವಿಭೂತಿ, ಚೆಂಡುಹೂವು, ಕಾಯಿ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಅಕ್ಷರ ಹಳೆಯ ಕಾಲದ ಮೋಡಿ ಬರವಣಿಗೆ, ಒಂದಕ್ಕೊಂದು ಗಂಟು ಬಿದ್ದಂತೆ ಓಡುತ್ತದೆ. ಗುರುಗಳ ಉಪದೇಶ ಅನ್ನುವವರೊಬ್ಬರು, ದಾನಧರ್ಮದ ದಾಖಲೆ ಅನ್ನುವವರೊಬ್ಬರು. ಈ ಮನೆಗೆ ಬಂದಾಗಿನಿಂದ ನಾನೂ ಅದಕ್ಕೆ ಕೈಮುಗಿದವಳೇ.

ಸಲೀಮನ ತಂಗಿ ಅಸ್ಮಾ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾಳೆ. ಊರಿನ ಹಳೆಯ ಮನೆಗಳ ಕಾಗದಪತ್ರದ ಫೋಟೋ ತೆಗೆದು ಓದುವ ಕೆಲಸ ಹಿಡಿದಿದ್ದಳು. ಒಂದೆರಡು ಸಲ ಕೇಳಿದಾಗ ಮಾವ "ದೇವ್ರ ಸಾಮಾನು, ಮುಟ್ಟಂಗಿಲ್ಲ" ಅಂದಿದ್ದರು. ಈಗ ತಾವೇ ಹೇಳಿಕಳಿಸಿದರು. ಲೆಕ್ಕ ನನಗೆ ಅರ್ಥವಾಯಿತು. ಮುತ್ತಜ್ಜನ ದೊಡ್ಡಸ್ತಿಕೆ ಪೇಪರಿನಲ್ಲಿ ಬರಬೇಕು, ಅದನ್ನು ಹಂಪಸಾಗರದಲ್ಲಿ ಅತ್ತೆ ಓದಬೇಕು, ಎಂಥ ಮನೆ ಬಿಟ್ಟು ಬಂದೆನಲ್ಲ ಎಂದು ಕಣ್ಣೀರು ಹಾಕಬೇಕು. ಅದಕ್ಕೇ ಪಕ್ಕದ ಮನೆಯ ಸೋಮಶೇಖರ್ ಮಾಸ್ತರರನ್ನೂ ಕರೆಸಿದ್ದರು. ಊರಿನ ಸುದ್ದಿ ಪೇಪರಿಗೆ ಬರೆದು ಕಳಿಸುವವರು ಅವರು.

ಪಡಸಾಲೆಯಲ್ಲಿ ಜಮಖಾನ ಹಾಸಿಸಿ, ಮಡಿ ಧೋತರ ಉಟ್ಟು, ಮಾವ ತಮ್ಮ ಕೈಯಾರೆ ಕಟ್ಟು ಬಿಚ್ಚಿದರು. ಅಸ್ಮಾ ಮೊದಲ ಕಾಗದ ಹಿಡಿದು ತುಸು ಹೊತ್ತು ತುಟಿ ಅಲ್ಲಾಡಿಸಿ, ಆಮೇಲೆ ದನಿ ತೆಗೆದು ಓದಿದಳು.

"ಸೌಭಾಗ್ಯವತಿ ಉಜ್ಜಿನವ್ವಗೆ ಮರುಳಪ್ಪನ ಆಶೀರ್ವಾದ. ಉಭಯ ಕುಶಲೋಪರಿ. ತರುವಾಯ, ಬಳ್ಳಾರಿಯಲ್ಲಿ ಹತ್ತಿಯ ಧಾರಣೆ ಬಿದ್ದದೆ. ಎತ್ತಿಗೆ ಲಾಳ ಕಟ್ಟಿಸಿದೆನು. ಕೂಸಿಗೆ ಹಲ್ಲು ಬಂತೋ ಹೇಗೆ. ಉಪ್ಪಿನಕಾಯಿ ಕಳುಹುವಾಗ ಭರಣಿಯ ಬಾಯಿಗೆ ನನ್ನ ಹೊಸ ಧೋತರ ಹರಿದು ಕಟ್ಟತಕ್ಕದ್ದಲ್ಲ."

ಮಾಸ್ತರರು ಪೆನ್ನು ಎತ್ತಿದವರು ಬರೆಯಲಿಲ್ಲ. "ಉಪದೇಶ ಮುಂದ ಬರಬೌದು" ಅಂದರು ಮಾವ.

ಮುಂದಿನದರಲ್ಲಿ ಉಜ್ಜಿನವ್ವ ಹಡಗಲಿಯ ತವರಿನಲ್ಲಿದ್ದರು. ಅವರಿಗೆ ಬರೆಯಲು ಬಾರದು. ಅಲ್ಲಿನ ಮಠದ ಅಯ್ಯನವರಿಂದ ಬರೆಸಿದ್ದರು. ಹೇಳದೆ ಕೇಳದೆ ತಮ್ಮ ಎಮ್ಮೆಯನ್ನು ಹರಪನಹಳ್ಳಿಯ ನಾದಿನಿಗೆ ಕೊಟ್ಟ ಗಂಡನ ಮುಖ ನೋಡುವುದಿಲ್ಲ ಎಂಬುದು ಸಾರಾಂಶ. ಕೊನೆಗೆ ಅಯ್ಯನವರು ತಮ್ಮದೊಂದು ಸಾಲು ಸೇರಿಸಿದ್ದರು: "ಅವ್ವನವರು ಇನ್ನೂ ನಾಲ್ಕು ಮಾತು ಹೇಳಿದರು. ಬರೆಯತಕ್ಕವಲ್ಲವಾದ್ದರಿಂದ ಬಿಟ್ಟಿದ್ದೇನೆ. ಅವುಗಳಲ್ಲಿ ನಿಮ್ಮ ಹೆಸರೂ ಎಮ್ಮೆಯ ಹೆಸರೂ ಕೂಡಿಯೇ ಬಂದವು."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಸ್ಮಾಳ ಭುಜ ಕುಣಿಯುತ್ತಿತ್ತು. ಮಾವ ಮಾತ್ರ ನೆಟ್ಟಗೆ ಕೂತು, "ಮರುಳಪ್ಪಜ್ಜ ಇದಕ್ಕ ತಕ್ಕ ಉತ್ತರ ಕೊಟ್ಟಿರ್ತಾನ, ಓದವ್ವ" ಅಂದರು.

ಮರುಳಪ್ಪಜ್ಜ ಉತ್ತರ ಕೊಟ್ಟಿದ್ದ. "ಎಮ್ಮೆಯನ್ನು ಹರಪನಹಳ್ಳಿಯಿಂದ ಮರಳಿ ತರಿಸಿದ್ದೇನೆ. ನೀನಿಲ್ಲದೆ ಅದು ಹಾಲು ಕೊಡದು. ನಿನ್ನ ಹಸಿರು ಸೀರೆ ಉಟ್ಟು, ಸೆರಗು ಹೊದ್ದು ಹಾಲು ಕರೆಯಲು ಕೂತೆನು. ಗುರುತು ಹಿಡಿದು ಒದೆಯಿತು. ಮೊನ್ನೆ ಹಡಗಲಿಗೆ ಬಂದಾಗ ನೀನು ಕದ ತೆರೆಯಲಿಲ್ಲ. ಜಗಲಿಯ ಮೇಲೆ ಹೊತ್ತು ಮುಳುಗುವ ತನಕ ಕೂತೆನು. ನಿಮ್ಮ ತಂದೆಯವರು ಮಜ್ಜಿಗೆ ಕೊಟ್ಟರು. ಬರುವ ಸೋಮವಾರ ಮತ್ತೆ ಬರುವವನಿದ್ದೇನೆ."

"ಅಂದ್ರ ಕರಿಯಾಕ ಹೋಗಿದ್ರು ಅಂದಂಗಾತು," ಅಂದರು ಮಾಸ್ತರರು. "ಅದೂ ಎರಡನೇ ಸಲಾನೂ ಹೊಂಟಿದ್ರು."

"ಸಾಕು, ಕಟ್ರಿ ಕಟ್ಟು," ಅಂದರು ಮಾವ. "ಪೇಪರಿಗೆ ಏನೂ ಬ್ಯಾಡ ಮಾಸ್ತರ. ಚಹಾ ಕುಡ್ದು ಹೋಗ್ರಿ."

ಮಾಸ್ತರರು ಹೋದರು. ಅಸ್ಮಾ ಕಾಗದಗಳನ್ನು ಜೋಡಿಸುತ್ತಿದ್ದಳು. ಮಾವ ಎದ್ದು ಬಾಗಿಲ ತನಕ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಕೊನೆಗೆ ಕಂಬ ಹಿಡಿದು ನಿಂತು ಸಣ್ಣ ದನಿಯಲ್ಲಿ ಕೇಳಿದರು: "ಅಸ್ಮವ್ವಾ, ಆಮ್ಯಾಲ ಆಕಿ ಬಂದ್ಲಾ?"

"ಅದನ್ನ ಯಾರೂ ಬರದಿಲ್ರಿ ಕಾಕಾ. ಆದ್ರ ನೋಡ್ರಿ, ಅಜ್ಜ ಹಡಗಲಿಗೆ ಬರದ ಕಾಗದ ಕೊಟ್ಟೂರಾಗ ಅದಾವು. ಅಂದ್ರ ಅಜ್ಜಿ ಇವನ್ನ ಸೀರಿ ಗಂಟಿನಾಗ ಇಟ್ಕಂಡು ಬಂದಿರಬೇಕು."

ಮಾವ ಆ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಒಂದಕ್ಷರ ಬಾರದಿದ್ದರೂ ನೋಡಿದರು. "ಇದನ್ನ ನಮಗ ತಿಳಿಯೂ ಅಕ್ಷರದಾಗ ಬರಕೊಡವ್ವ" ಅಂದರು. ಅಸ್ಮಾ ಅಲ್ಲೇ ಕೂತು ಬರೆದುಕೊಟ್ಟಳು.

ಮರುದಿನ ಅವರು ಅಂಗಡಿಗೆ ಹೋಗಲಿಲ್ಲ. ಕೋಣೆ ಸೇರಿ ಏನೋ ಬರೆದರು, ಲಕೋಟೆಗೆ ಹಾಕಿ ಅಂಟಿಸಿದರು, ಹಂಪಸಾಗರದ ಕಡೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದರು. ನನ್ನ ಮುಖ ನೋಡದೆ, "ಫೋನ್ ಮಾಡ್ಬ್ಯಾಡ ಅಂದಾಳ, ಕಾಗದ ಬರೀಬ್ಯಾಡ ಅಂದಿಲ್ಲ" ಅಂದರು. ನನಗೆ ಸಂತೋಷವಾಯಿತು. ಅಂತೂ ಕಲ್ಲು ಕರಗಿತು ಅಂದುಕೊಂಡೆ.

ಸಂಜೆ ನನ್ನ ಫೋನಿಗೆ ಅತ್ತೆಯ ಕರೆ ಬಂತು. ಸ್ಪೀಕರ್ ಹಾಕಿದೆ. ಮಾವ ಪೇಪರಿನ ಹಿಂದೆ ಅಡಗಿದರು, ಪೇಪರು ತಲೆಕೆಳಗಾಗಿತ್ತು.

"ಶೈಲಾ, ನಿಮ್ಮ ಮಾವಗ ಮೈಯಾಗ ಆರಾಮ ಐತೇನು?"

"ಆರಾಮ ಅದಾರಲ್ಲ, ಯಾಕ್ರಿ ಅತ್ತಿ?"

"ನನ್ನ ಹಸರು ಸೀರಿ ಉಟ್ಕಂಡಾರಂತ! ಸೆರಗು ಹೊದ್ಕಂಡು ಕುಂತಾರಂತ! ನಮ್ಮ ಮನ್ಯಾಗ ಎಮ್ಮಿ ಯಾವತ್ತು ಬಂತ? ನಾನು ಓದಾಕ ಬ್ಯಾಸತ್ತು ಜಂಬುನಾಥಗ ಓದಂತ ಕೊಟ್ಟೆ. ಅವನ ಹೆಂಡ್ತಿ, ಮಕ್ಕಳು, ಬಾಜೂ ಮನ್ಯಾರು, ಎಲ್ಲಾರೂ ಕುಂತು ಕೇಳ್ಯಾರ. ನಮ್ಮಪ್ಪ ಮಜ್ಜಿಗಿ ಕೊಟ್ಟನಂತ. ಅಂವ ಸತ್ತು ಇಪ್ಪತ್ತು ವರ್ಷಾತು!"

ನಾನು ಫೋನಿಗೆ ಕೈ ಅಡ್ಡ ಹಿಡಿದು ಮಾವನ ಕಡೆ ತಿರುಗಿದೆ. "ಪೂರ್ತಿ ಇದ್ದಂಗ ಇಳಿಸಿದ್ರೇನ್ರಿ? ಎಮ್ಮಿ ಬಿಡಬೇಕಿಲ್ಲೇನ್ರಿ?"

"ಹೆಂಗ ಬಿಡ್ಲಿ?" ಮಾವ ಪೇಪರಿನ ಹಿಂದಿನಿಂದಲೇ ಅಂದರು. "ಇಷ್ಟು ವರ್ಷ ಹೂವು ಏರಿಸಿ ಕಾಯಿ ಒಡದೀವಿ ಅದಕ್ಕ. ಅದರಾಗಿನ ಒಂದಕ್ಷರ ತಗದ್ರ ಏನಾಕ್ಕೈತೋ ಏನೋ. ಆಕಿ ಹೆಸರೊಂದು ಬದಲಿ ಮಾಡೀನಿ."

ನಾನು ನೆಲಕ್ಕೆ ಕೂತು ನಕ್ಕೆ. ಫೋನಿನ ಆ ಕಡೆಯೂ ಹಂಪಸಾಗರದ ಇಡೀ ಪಡಸಾಲೆ ನಗುತ್ತಿತ್ತು. ನಗು ನಿಂತ ಮೇಲೆ ಅತ್ತೆಯ ದನಿ ಬೇರೆಯಾಗಿತ್ತು. "ಕೇಳಸ್ತೈತೇನ್ರಿ? ನಿಮ್ಮ ಮುತ್ತಜ್ಜ ತನ್ನ ಹೆಂಡ್ತಿಗೆ ಏನು ಹೇಳಬೇಕೋ ಹೇಳ್ಯಾನ. ನೀವು ನನಗೇನು ಹೇಳ್ತೀರಿ?" ಅಂದರು. ಫೋನ್ ಇಟ್ಟರು.

ಮಾವ ಆ ರಾತ್ರಿ ಊಟ ಬೇಡ ಅಂದರು. ಬೆಳಿಗ್ಗೆ ನೋಡಿದರೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದಾರೆ. "ನೀನೂ ಬಾ ಶೈಲಾ. ಒಬ್ನ ಹೋಗಾಕ ಧೈರ್ಯ ಸಾಲವಲ್ದು" ಅಂದರು. ಮೂರು ಬಜಾರು ನಡುಗಿಸುವ ಮನುಷ್ಯ ಹಾಗಂದಾಗ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಅದು ಕೆಟ್ಟು, ಇನ್ನೊಂದು ಹಿಡಿದು, ಹಂಪಸಾಗರ ಮುಟ್ಟುವಾಗ ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ಮಾವ ಏನೇನೋ ಬಾಯಿಪಾಠ ಮಾಡುತ್ತಿದ್ದರು.

ಅತ್ತೆ ಜಗಲಿಯ ಮೇಲೆ ಕೂತು ಮೊರದಲ್ಲಿ ಅಲಸಂದಿ ಹಸನು ಮಾಡುತ್ತಿದ್ದರು. ಕದದ ಹಿಂದೆ ಜಂಬುನಾಥನ ಮನೆಯವರೆಲ್ಲ ಉಸಿರು ಹಿಡಿದು ನಿಂತಿದ್ದು ಕಾಣುತ್ತಿತ್ತು. ಅತ್ತೆ ತಲೆ ಎತ್ತಲಿಲ್ಲ.

"ಯಾಕ ಬಂದ್ರಿ? ರೊಟ್ಟಿ ತೊಂದ್ರಿ ಆತೇನು?"

ಮಾವನಿಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅದು ಅವರ ಮುಖದಲ್ಲೇ ಕಂಡಿತು.

"ರೊಟ್ಟಿ ಅಲ್ಲ. ಹರದು ಚೂರಾದ್ರೂ ಶೈಲಾ ಹಾಕ್ತಾಳ, ಹೊಟ್ಟಿಗೇನು ಕಡಿಮಿ ಇಲ್ಲ." ಕೆಳಗೆ ನೋಡುತ್ತ ಚಪ್ಪಲಿಯಿಂದ ಮಣ್ಣು ಕೆದರಿದರು. "ನಮ್ಮ ಹಮಾಲಿ ಓಬಳೇಶನ ಮಗಳು ಪಿಯುಸಿ ಪಾಸಾದ್ಲು. ಅಂಗಡಿಗೆ ಬಂದು ಪೇಡೆ ಕೊಟ್ಟ. ಮನಿಗೆ ಬಂದವನ 'ಕೇಳಿದೇನು' ಅಂತ ಒದರಿದೆ. ಯಾರೂ ಇದ್ದಿಲ್ಲ. ಪೇಡೆ ಜೇಬಿನಾಗ ಹಂಗ ಉಳದು ಅಂಗಿಗೆ ಅಂಟ್ಕಂತು. ಏನಾದ್ರೂ ನಿನಗ ಹೇಳ್ಲಿಲ್ಲ ಅಂದ್ರ, ದಾಕ್ಷಾಯಣಿ, ಅದು ಆಗೇ ಇಲ್ಲ ಅನಸ್ತೈತಿ ನನಗ."

ಕದದ ಹಿಂದೆ ಯಾರೋ ಸೊರಕ್ಕೆಂದು ಮೂಗು ಎಳೆದುಕೊಂಡರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಜಾಗ ಮಾಡಿದರು. "ಕೂಡ್ರಿ," ಅಂದರು. "ಯಾವ ಕ್ಲಾಸು ಬಂತು ಆ ಹುಡುಗಿಗೆ?"

"ಫಸ್ಟ್ ಕ್ಲಾಸು!" ಮಾವ ಧಪ್ಪೆಂದು ಕೂತರು. "ಅದು ಇರ್ಲಿ, ಮೊದಲಿಂದ ಹೇಳ್ತೀನಿ ಕೇಳು. ನೀ ಹೋದ ದಿನ ಏನಾತಪಾ ಅಂದ್ರ..."

ಶೇಂಗಾ ಧಾರಣೆ ಬಂತು, ಕೂಡ್ಲಿಗಿಯ ದಲಾಲಿ ಬಂದ, ಕಾನಹೊಸಹಳ್ಳಿಯ ಬೀಗರ ಕಾಲುನೋವು ಬಂತು. ಓಣಿಯ ಮೂಲೆಯಲ್ಲಿ ಬಸ್ಸು ಹಾರ್ನ್ ಹೊಡೆಯತೊಡಗಿತು. ಕೊಟ್ಟೂರಿಗೆ ಹೋಗಬೇಕೆಂದರೆ ಇನ್ನು ಬೇರೆ ಬಸ್ಸಿಲ್ಲ ಎಂದು ನಾನು ಎರಡು ಸಲ ಕೂಗಿದೆ.

"ನೀ ಹೋಗವ್ವ," ಅತ್ತೆ ನನ್ನ ಕಡೆ ನೋಡದೆ ಕೈ ಬೀಸಿದರು. "ಇವರ ಸುದ್ದಿ ಇನ್ನೂ ಮೊದಲನೇ ಮಂಗಳಾರ ದಾಟಿಲ್ಲ."